ಬಿಳಿ ಗೂಡು, ಮೇಲಿನ ಶೆಲ್ಫ್

ಫೋನಿನಲ್ಲಿ ಎಲ್ಲವೂ ಸರಿಯಾಗಿತ್ತು. ಕೆಂಪು ಸ್ಯಾಟಿನ್ ರಿಬ್ಬನ್, ಅರ್ಧ ಸುರುಳಿ, ಎರಡನೇ ಡ್ರಾಯರ್. ಚಿನ್ನದ ಬಣ್ಣದ ಮಣಿ, ಸಣ್ಣದು, ಉಪ್ಪಿನಕಾಯಿ ಬಾಟಲಿ. ಹಸಿರು ಕುಂದಣದ ಕಲ್ಲು, ಮುಗಿಯುತ್ತ ಬಂದಿದೆ. ಭಾನುವಾರದ ಬೆಳಿಗ್ಗೆ ಕಾಫಿ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು, ಹಿಂದಿನ ಸಣ್ಣ ರೂಮಿನ ನೆಲದ ಮೇಲೆ ಕಾಲು ಚಾಚಿ ಕೂತಿದ್ದ ತನುಜ ಹಾರ ಕಟ್ಟುವ ಸಾಮಾನಿನ ಪಟ್ಟಿಯ ಸಾಲುಗಳನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತಿದ್ದಳು. ಎಲ್ಲ ಸರಿಯಿದ್ದೂ ಎದ್ದಾಗಿನಿಂದ ಮನಸ್ಸಿಗೆ ಏನೋ ಕಿರಿಕಿರಿ. ಗ್ಯಾಸ್ ಆರಿಸಿದ್ದಾಗಿದೆ, ನೀರಿನ ಮೋಟರ್ ನಿಲ್ಲಿಸಿದ್ದಾಗಿದೆ, ಶಾಲೆಗೆ ಕೊಡಬೇಕಾದ ಮಾರ್ಕ್ಸ್ ಶೀಟನ್ನು ನಿನ್ನೆಯೇ ಕೊಟ್ಟಾಗಿದೆ. ಮತ್ತೇನು? ಆಮೇಲೆ ಗೊತ್ತಾಯಿತು, ವಾಸನೆ. ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗೆ, ರೇಷ್ಮೆ ಗೂಡಿನ ವಾಸನೆ. ಶಿಡ್ಲಘಟ್ಟದಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಗುರುತು ಹಿಡಿದು ಹೇಳಬೇಕಾಗಿಲ್ಲ. ಗೂಡಿನ ಮಾರುಕಟ್ಟೆಯ ಬೀದಿಯಲ್ಲಿ, ನೂಲು ಬಿಚ್ಚುವ ಫಿಲೇಚರ್‌ಗಳ ಹಿಂದಿನ ಚರಂಡಿಯಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರ ಸೆರಗಿನಲ್ಲಿ, ಎಲ್ಲಿ ಬೇಕಾದರೂ ಅದು ಎದುರಾಗುತ್ತದೆ. ಅಮ್ಮ ಈ ರೂಮಿಗೆ ಬಂದಿರಬೇಕು ಎಂದುಕೊಂಡಳು ತನುಜ. ಹಾಗಂದುಕೊಂಡ ಮರುಗಳಿಗೆಯೇ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಅಮ್ಮ ಫಿಲೇಚರಿನ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದೆ. ದಿನಾ ಸ್ನಾನ ಮಾಡುತ್ತಾಳೆ, ತಲೆಗೆ ಹೂವು ಮುಡಿಯುತ್ತಾಳೆ, ತನುಜಳೇ ತಂದುಕೊಟ್ಟ ಪರಿಮಳದ ಪೌಡರನ್ನು ಕತ್ತಿಗೆ ಹಾಕಿಕೊಳ್ಳುತ್ತಾಳೆ. ಆದರೂ ಮೂಗು ಮೊದಲು ಹೋದದ್ದು ಅವಳ ಕಡೆಗೇ.

ಈ ಪಟ್ಟಿ ಶುರುವಾಗಿದ್ದು ಅಂಬರೀಶನ ಒಂದು ತಮಾಷೆಯಿಂದ. ಚಿಂತಾಮಣಿಯ ಕೋರ್ಟಿನಲ್ಲಿ ಗುಮಾಸ್ತನಾಗಿರುವ ಅವಳ ಗಂಡ, ಕಡತಗಳ ನಡುವೆಯೇ ಬಾಳುವವನು, ಒಂದು ದಿನ ಒಂದೇ ಬಣ್ಣದ ದಾರದ ಉಂಡೆಗಳು ಮೂರು ಬೇರೆಬೇರೆ ಡಬ್ಬಗಳಲ್ಲಿ ಸಿಕ್ಕಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ತನು, ಮನೇಲಿ ಏನಿದೆ ಅಂತ ಗೊತ್ತಿಲ್ದೆ ಅಂಗಡಿಗೆ ಹೋಗೋದು ನೀನೊಬ್ಬಳೇ ಕಣೇ" ಎಂದು, ಅವನೇ ಅವಳ ಫೋನಿನಲ್ಲಿ ಪಟ್ಟಿ ಮಾಡಿಕೊಟ್ಟ. ಹೆಸರು, ಬಣ್ಣ, ಎಷ್ಟಿದೆ, ಎಲ್ಲಿದೆ, ಪಕ್ಕದಲ್ಲಿ ಒಂದು ಫೋಟೋ. ಅವನಿಗೆ ಅದು ಒಂದು ಸಂಜೆಯ ಕೆಲಸ, ಆಮೇಲೆ ಮರೆತ. ಅವಳಿಗೆ ಮಾತ್ರ ಹುಚ್ಚು ಹಿಡಿಯಿತು. ಶಾಲೆಯಿಂದ ಬಂದವಳು ಸೀರೆ ಕೂಡ ಬದಲಾಯಿಸದೆ ಈ ರೂಮಿಗೆ ಬಂದು, ಕಿಟಕಿಯ ಬೆಳಕಿಗೆ ಒಂದೊಂದೇ ಸಾಮಾನು ಹಿಡಿದು ಫೋಟೋ ತೆಗೆಯುವಳು. ನೀಲಿ ಎಂದು ಬರೆದರೆ ಸಾಲದು ಎಂದು ಅವಳಿಗೆ ತಿಳಿದದ್ದೇ ಆಗ. ಎಷ್ಟೊಂದು ನೀಲಿಗಳು! ನವಿಲಿನದು ಬೇರೆ, ಇಂಕಿನದು ಬೇರೆ, ಮಧ್ಯಾಹ್ನದ ಆಕಾಶದ್ದೇ ಬೇರೆ. ನಲವತ್ತು ದಾಟಿದ ಹೆಂಗಸು, ಸಮಾಜ ವಿಜ್ಞಾನದ ಮೇಷ್ಟ್ರಮ್ಮ, ಇಷ್ಟು ದಿನ ಕಣ್ಣು ಎಲ್ಲಿಟ್ಟುಕೊಂಡಿದ್ದೆ ಎಂದು ಬೆರಗಾಗಿ ದಾರವನ್ನು ಕೆನ್ನೆಗೆ ಒತ್ತಿಕೊಂಡು ಕೂತುಬಿಡುವಳು. "ಅಕ್ಕಿ ಎಷ್ಟಿದೆ ಅಂದ್ರೆ ಗೊತ್ತಿಲ್ಲ, ಟಿಕ್ಲಿ ಎಷ್ಟಿದೆ ಅಂದ್ರೆ ಫೋನ್ ತೆಗೀತಾಳೆ" ಎಂದು ಅಂಬರೀಶ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ. ನಗಲಿ. ಅವನಿಗೆ ಹೇಳದ ಒಂದು ಸುಖ ಅದರಲ್ಲಿತ್ತು. ಫೋನಿನೊಳಗೆ ಹೋದದ್ದು ಯಾವುದೂ ಧೂಳು ಹಿಡಿಯುವುದಿಲ್ಲ, ಸಿಕ್ಕಾಗುವುದಿಲ್ಲ, ಯಾವುದಕ್ಕೂ ವಾಸನೆಯಿರುವುದಿಲ್ಲ.

ವಾಸನೆ ನೋಡಿದ್ದು ಜಾನಕಮ್ಮ. ಶರ್ವಾಣಿಯ ತಾಯಿ. ಶರ್ವಾಣಿ ಶಾಲೆಯಲ್ಲಿ ಗಣಿತದ ಮೇಡಂ, ಚಿಕ್ಕಬಳ್ಳಾಪುರದಿಂದ ದಿನಾ ಬಂದು ಹೋಗುವವಳು, ಸ್ಟಾಫ್ ರೂಮಿನಲ್ಲಿ ತನುಜಳ ಪಕ್ಕದ ಕುರ್ಚಿ. ತನ್ನ ತಂಗಿ ಮಹತಿಯ ರಿಸೆಪ್ಷನ್ನಿಗೆ ರೇಷ್ಮೆ ಗೂಡಿನ ಹಾರಗಳೇ ಬೇಕು ಎಂದು ಅವಳೇ ಕೇಳಿದ್ದಳು. ಮಾದರಿ ತೋರಿಸಲು ತನುಜ ಅವರ ಮನೆಗೆ ಹೋದಳು. ಕಾಫಿ ಕೊಟ್ಟರು, ಚೆನ್ನಾಗಿಯೇ ಮಾತಾಡಿಸಿದರು. ಹಾರವನ್ನು ಎಲ್ಲರೂ ಕೈಯಿಂದ ಕೈಗೆ ದಾಟಿಸಿ, ಗೂಡನ್ನು ಕತ್ತರಿಸಿ ಮಾಡಿದ ದಳಗಳನ್ನು ಮುಟ್ಟಿಮುಟ್ಟಿ, ನಿಜವಾದ ಮಲ್ಲಿಗೆಯ ಥರವೇ ಇದೆಯಲ್ಲಾ ಎಂದರು. ಕೊನೆಗೆ ಜಾನಕಮ್ಮನ ಕೈಗೆ ಬಂತು. ಅವರು ಅದನ್ನು ಎರಡು ಬೆರಳಿನಿಂದ ಎತ್ತಿ, ಮೂಗಿನ ಹತ್ತಿರ ಹಿಡಿದು, ಒಂದು ಸಲ ಉಸಿರೆಳೆದುಕೊಂಡು, "ಪರವಾಗಿಲ್ಲ, ಏನೂ ಬರಲ್ಲ" ಎಂದು ಪಕ್ಕಕ್ಕಿಟ್ಟರು. ಅಷ್ಟೇ. ಅದರಲ್ಲಿ ತಪ್ಪೇನಿದೆ? ಯಾರಾದರೂ ನೋಡುತ್ತಾರೆ. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ತನುಜಳ ಕಿವಿ ಸುಡುತ್ತಿತ್ತು. ಅವರು ಮೂಸಿದ್ದು ಹಾರವನ್ನಲ್ಲ, ನನ್ನನ್ನು ಎನ್ನಿಸಿ ಮುಖವನ್ನು ಕಿಟಕಿಯ ಹೊರಗೆ ಇಟ್ಟುಕೊಂಡೇ ಬಂದಳು. ಬುಧವಾರ ಆ ಹಾರಗಳು ಸ್ಟೇಜಿನ ಮೇಲೆ ಹೋಗಬೇಕು. ಎಲ್ಲರೆದುರು ಶರ್ವಾಣಿ "ನಮ್ಮ ತನುಜ ಮೇಡಂ ಮಾಡಿದ್ದು" ಎನ್ನಬೇಕು. ಜಾನಕಮ್ಮ ಅದನ್ನು ಕೇಳಿಸಿಕೊಳ್ಳಬೇಕು. ಈ ಆಸೆ ಎಷ್ಟು ಸಣ್ಣದು ಎಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಅದನ್ನು ಬಿಡಲಾಗುತ್ತಿರಲಿಲ್ಲ.

ಹೈಸ್ಕೂಲಿನಲ್ಲಿ ಅವಳ ಬೆಂಚಿನಲ್ಲಿ ಇನ್ನಿಬ್ಬರಿಗೆ ಜಾಗವಿತ್ತು, ಯಾರೂ ಕೂರುತ್ತಿರಲಿಲ್ಲ. ಕಾರಣ ಜಾತಿಯೋ ವಾಸನೆಯೋ ಎಂದು ಅವಳು ಇವತ್ತಿಗೂ ಬಿಡಿಸಿ ಹೇಳಲಾರಳು, ಎರಡೂ ಒಂದೇ ಬಟ್ಟೆಗೆ ಹತ್ತಿದ್ದವು. ಬೆಳಿಗ್ಗೆ ಎಂಟಕ್ಕೆ ಫಿಲೇಚರಿಗೆ ಹೋದ ಅಮ್ಮ ಕತ್ತಲಾಗುವ ಹೊತ್ತಿಗೆ ಬರುವಳು. ಬಿಸಿ ನೀರಿನಲ್ಲಿ ಬೆಂದ ಗೂಡುಗಳಿಂದ ಎಳೆ ಹುಡುಕಿ ಹುಡುಕಿ ಬೆರಳ ತುದಿಗಳು ಬಿಳಿಚಿ ಬಿರುಕು ಬಿಟ್ಟಿರುತ್ತಿದ್ದವು. ಆ ಕೈಯಲ್ಲೇ ಅನ್ನ ಕಲಸಿ ತುತ್ತು ಕೊಡುವಳು. ತನುಜ ಉಸಿರು ಬಿಗಿಹಿಡಿದು ನುಂಗುವಳು. ಉಸಿರು ಹಿಡಿದಿದ್ದು ಅಮ್ಮನಿಗೆ ಗೊತ್ತಾಗಿರಲಿಕ್ಕಿಲ್ಲ ಎಂದು ನಂಬಿಕೊಂಡೇ ಅವಳು ಬಿ.ಎಡ್. ಮುಗಿಸಿದಳು, ಕೆಲಸ ಹಿಡಿದಳು, ಈ ಮನೆ ಕಟ್ಟಿಸಿದಳು, ಹಾಲ್‌ನಲ್ಲಿ ಬುದ್ಧನ ಪಟ ಹಾಕಿದಳು, ಅಮ್ಮನನ್ನು ಕೆಲಸ ಬಿಡಿಸಿ ಕರೆತಂದಳು. ತಾನು ಗೂಡಿನ ಹಾರ ಮಾಡಲು ಕಲಿತಾಗ ಅಮ್ಮ ಮುನಿಶಾಮಮ್ಮ ಮಕ್ಕಳ ಹಾಗೆ ಖುಷಿಪಟ್ಟು ಹತ್ತಿರ ಬಂದು ಕೂತಿದ್ದಳು. "ಬೇಡಮ್ಮ, ನಿನ್ನ ಕೈಗೆ ಇನ್ನು ಗೂಡು ಬೇಡ. ಸಾಕು ನೀನು ಪಟ್ಟ ಕಷ್ಟ" ಎಂದಿದ್ದಳು ತನುಜ. ಮಾತು ಎಷ್ಟು ಪ್ರೀತಿಯದಾಗಿ ಕೇಳಿಸಿತೆಂದರೆ ಅವಳಿಗೇ ನಂಬಿಕೆ ಬಂದಿತ್ತು. ಮುದುಕಿ ಎದ್ದು ಹೋದವಳು ಮತ್ತೆ ಈ ರೂಮಿನ ಹೊಸಿಲು ದಾಟಲಿಲ್ಲ. ಅಮ್ಮ ಏನು ಕೆಲಸ ಮಾಡುತ್ತಿದ್ದರು ಎಂದು ಶಾಲೆಯಲ್ಲಿ ಯಾರೂ ಕೇಳಿಲ್ಲ, ಇವಳೂ ಹೇಳಿಲ್ಲ.

"ತನೂ" ಎಂದಿತು ಬಾಗಿಲ ಬಳಿಯಿಂದ ಅಮ್ಮನ ಧ್ವನಿ. ಹೊಸಿಲಿನಾಚೆಯೇ ನಿಂತಿದ್ದಳು, ಕೈಯಲ್ಲಿ ಪೊರಕೆ.

"ಅಮ್ಮ, ಈ ರೂಮಿಗೆ ಬಂದಿದ್ಯಾ?" ಕೇಳಬಾರದೆಂದುಕೊಂಡಿದ್ದೇ ಬಾಯಿಂದ ಬಂತು.

"ನಾನ್ಯಾಕೆ ಬರ್ಲಿ? ನಿನ್ನ ಮಣಿ ಗಿಣಿ ನಂಗ್ಯಾಕೆ? ಬೆಳಗ್ಗಿಂದ ಸದ್ದು ಬರ್ತಾ ಐತೆ ಕಣೇ ಇಲ್ಲಿಂದ. ಪರಪರ ಅಂತ. ಇಲಿ ಸೇರ್ಕಂಡೈತೇನೋ ನೋಡು ಅಂತ ಬಂದೆ."

ತನುಜ ಕಿವಿಗೊಟ್ಟಳು. ನಿಜ. ಕಾಗದದ ಮೇಲೆ ಉಗುರು ಆಡಿಸಿದಂಥ ಸದ್ದು, ಮೇಲಿನ ಶೆಲ್ಫಿನಿಂದ. ಅಲ್ಲೇನಿದೆ ಎಂದು ತಲೆಯೆತ್ತಿ ನೋಡುವ ಬದಲು ಫೋನು ನೋಡಿದಳು. ಬಿಳಿ ಗೂಡು, ಒಂದು ಡಬ್ಬ, ಮೇಲಿನ ಶೆಲ್ಫ್. ಪಕ್ಕದಲ್ಲಿ ಫೋಟೋ, ಹಳೆಯ ಸೀರೆ ಡಬ್ಬದ ತುಂಬ ಒತ್ತೊತ್ತಾಗಿ, ಕಲೆಯಿಲ್ಲದ, ಅಲುಗದ ಬಿಳಿ ಗೂಡುಗಳು. ಇವತ್ತು ಕತ್ತರಿಸಬೇಕಾಗಿದ್ದು ಅವನ್ನೇ. ಕುರ್ಚಿ ಹಾಕಿಕೊಂಡು ಡಬ್ಬ ಇಳಿಸಿದಳು. ಡಬ್ಬ ಕೈಯಲ್ಲಿ ನಡುಗುತ್ತಿತ್ತು. ನೆಲದ ಮೇಲಿಟ್ಟಳು. ಆಗಲೂ ನಡುಗುತ್ತಿತ್ತು. ಮುಚ್ಚಳ ತೆಗೆದಳು.

ಮೊದಲು ಅವಳಿಗೆ ಏನೂ ಅರ್ಥವಾಗಲಿಲ್ಲ. ಬಿಳಿಯ ಮೇಲೆ ಬಿಳಿ ಕದಲುತ್ತಿತ್ತು. ಕಣ್ಣು ಹೊಂದಿಕೊಂಡ ಮೇಲೆ ಒಂದೊಂದಾಗಿ ಕಾಣಿಸಿದವು, ಕೆನೆಬಣ್ಣದ ರೆಕ್ಕೆ, ಮೈತುಂಬ ನಯವಾದ ತುಪ್ಪಳ, ತಲೆಯ ಮೇಲೆ ಬಾಚಣಿಗೆ ಹಲ್ಲಿನಂಥ ಕಪ್ಪು ಮೀಸೆ, ಎಳ್ಳಿನಷ್ಟು ಕಪ್ಪು ಕಣ್ಣು. ಪತಂಗಗಳು. ಕೆಲವು ಡಬ್ಬದ ಗೋಡೆ ಹಿಡಿದುಕೊಂಡು ಸುಮ್ಮನೆ ಕೂತಿದ್ದವು, ಕೆಲವು ರೆಕ್ಕೆ ಪಟಪಟಿಸುತ್ತ ಗೂಡುಗಳ ಮೇಲೆ ಸುತ್ತುತ್ತಿದ್ದವು. ಹಾರಲು ಬಾರದು, ಆದರೂ ಪಟಪಟಿಸುವುದನ್ನು ಬಿಡುತ್ತಿರಲಿಲ್ಲ. ಒಂದು ಅವಳ ಬೆರಳನ್ನು ಹತ್ತಿತು. ಆರು ಕಾಲುಗಳ ಹಿಡಿತ ಚರ್ಮಕ್ಕೆ ಸ್ಪಷ್ಟವಾಗಿ ಗೊತ್ತಾಯಿತು, ಎಳೆಗೂಸಿನ ಮುಷ್ಟಿಯಂತೆ. ಅವಳು ಕೈ ಕೊಡವಲಿಲ್ಲ. ಕೊಡವಬೇಕೆಂಬುದೇ ತೋಚಲಿಲ್ಲ. ಎದೆಯೊಳಗೆ ಏನೋ ದೊಡ್ಡದಾಗಿ ತೆರೆದುಕೊಂಡು, ಕೂತಲ್ಲೇ ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು. ಇಂಥದ್ದು ನನ್ನ ಮನೆಯಲ್ಲಿ, ನನ್ನ ಶೆಲ್ಫಿನ ಮೇಲೆ, ನಾನು ಮಲಗಿ ಎದ್ದು ಪಾಠ ಮಾಡಿ ಬಂದು ಮಣಿ ಎಣಿಸುತ್ತಿದ್ದಾಗ ಆಗುತ್ತಿತ್ತೇ?

"ಅಯ್ಯೋ, ಜೀವದ ಗೂಡಾ!" ಅಮ್ಮ ಹೊಸಿಲು ದಾಟಿ ಬಂದಿದ್ದಳು. "ಯಾರು ಕೊಟ್ರೇ ನಿಂಗೆ ಇದನ್ನ?"

ಕೊಟ್ಟವನು ಅಂಬಾಜಿದುರ್ಗದ ಕಡೆಯ ನಲ್ಲಪ್ಪ, ಹಿಪ್ಪುನೇರಳೆ ಬೆಳೆದು ಹುಳ ಸಾಕುವವನು. ತನುಜ ಯಾವತ್ತೂ ಗೂಡನ್ನು ಒಣಗಿಸಿ, ಸೀಳಿ, ಒಳಗೆಲ್ಲ ಚೊಕ್ಕ ಮಾಡಿದ್ದನ್ನು ಕೊರಿಯರ್‌ನಲ್ಲಿ ತರಿಸುವವಳು. ಗೂಡಿನ ಊರಿನಲ್ಲಿ ಕೂತು ಗೂಡನ್ನು ಪಾರ್ಸೆಲ್ ತರಿಸುತ್ತೀಯಲ್ಲೇ ಎಂದು ಅಂಬರೀಶ ಅದಕ್ಕೂ ನಗುತ್ತಿದ್ದ. ಈ ಸಲ ಪಟ್ಟಿ ಕೈಕೊಟ್ಟಿತ್ತು. ಒಂದು ಪ್ಯಾಕೆಟ್ ಉಳಿದಿದೆ ಎಂದು ಫೋನು ಹೇಳುತ್ತಿತ್ತು. ಖರ್ಚಾಗಿದ್ದನ್ನು ಅಳಿಸಲು ಅವಳೇ ಮರೆತಿದ್ದಳು. ಹೊಸದು ಬರುವಷ್ಟು ಸಮಯವಿಲ್ಲದೆ, ಹೋದ ವಾರ ಮಾರುಕಟ್ಟೆಗೆ ಗೂಡು ತಂದಿದ್ದ ನಲ್ಲಪ್ಪನನ್ನು ಹಿಡಿದಿದ್ದಳು. ಮುನಿಶಾಮಮ್ಮನ ಮಗಳಿಗೆ ಗೂಡಿನ ವಿಷಯ ಹೇಳಿಕೊಡುವುದೇನು ಎಂದು ಅವನು ಸುಮ್ಮನಿದ್ದ. ಕೊಡುವವನು ಬಿಸಿಲಿಗೋ ಆವಿಗೋ ಇಟ್ಟು ಹುಳ ಕೊಂದೇ ಕೊಟ್ಟಿರುತ್ತಾನೆ ಎಂದು ಇವಳು ಸುಮ್ಮನಿದ್ದಳು. ಅಮ್ಮನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಅಮ್ಮನಿಗೆ ಕಾಣದ ಹಾಗೆ ಡಬ್ಬ ಒಳಗೆ ಬಂದಿತ್ತು. ಕೈಗೆ ಕೊಂಚ ಭಾರ ಎನ್ನಿಸಿದಾಗ, ಒಳ್ಳೆಯ ಮಾಲು ಎಂದು ಖುಷಿಪಟ್ಟು ಫೋಟೋ ತೆಗೆದಿದ್ದಳು.

"ಹಾರಕ್ಕೆ ಅಂತ ತಂದಿದ್ದು ಅಮ್ಮ. ಬುಧವಾರ ರಿಸೆಪ್ಷನ್ನು. ನಾಳೆ ಕೊಡ್ಬೇಕು."

ಮುನಿಶಾಮಮ್ಮ ಬಗ್ಗಿ ನೋಡಿದಳು. ಮುಖದಲ್ಲಿ ಹಳೆಯ ಕೆಲಸದವಳು ಎದ್ದುಬಂದಳು. "ತೂತು ಬಿದ್ದಿದ್ದು ಹೋತು. ಉಚ್ಚೆ ಹೊಯ್ದು ಕಲೆ ಮಾಡವೆ, ಅವ್ಯಾವೂ ಬರಕ್ಕಿಲ್ಲ. ಅರ್ಧಕ್ಕರ್ಧ ಇನ್ನೂ ಒಡೆದಿಲ್ಲ. ಇಡ್ಲಿ ಪಾತ್ರೆಗೆ ನೀರಿಡ್ತೀನಿ, ಆವಿಗಿಟ್ರೆ ಒಳಗಿರೋದು ಸತ್ತೋಗ್ತವೆ. ಆಮೇಲೆ ಮಾಳಿಗೆ ಮೇಲೆ ಒಣಗಾಕು. ಎರಡು ಹಾರಕ್ಕೆ ಸಾಕಾಗ್ತವೆ. ಬಿರ್ನೆ ಮಾಡ್ಬೇಕು ಅಷ್ಟೆ, ಬಿಟ್ರೆ ಎಲ್ಲಾ ಹೋಗ್ತವೆ." ಹೇಳುತ್ತಲೇ ಅಡುಗೆಮನೆಗೆ ಹೋದಳು. ಪಾತ್ರೆಯ ಸದ್ದು, ನಲ್ಲಿಯ ಸದ್ದು, ಲೈಟರಿನ ಸದ್ದು ಒಂದರ ಹಿಂದೊಂದು ಕೇಳಿದವು.

ತನುಜ ಒಡೆಯದ ಗೂಡುಗಳನ್ನು ಸ್ಟೀಲ್ ತಟ್ಟೆಗೆ ಆರಿಸಿ ಹಾಕತೊಡಗಿದಳು. ಮಾಡಬಹುದು. ಇನ್ನೂ ಹೊತ್ತಿದೆ. ಇವತ್ತು ಒಣಗಿಸಿ, ಕತ್ತರಿಸಿ, ಅಂಚಿಗೆ ತಿಳಿಗುಲಾಬಿ ಹಚ್ಚಿ ಪೋಣಿಸಿದರೆ ಬೆಳಗಾಗುವಷ್ಟರಲ್ಲಿ ಮುಗಿಯುತ್ತದೆ. ಸ್ಟೇಜು, ದೀಪಗಳು, ಮಹತಿಯ ಕೊರಳು, ಮುಂದಿನ ಸಾಲಿನಲ್ಲಿ ಜಾನಕಮ್ಮ. ಇಲ್ಲವಾದರೆ ಏನು ಹೇಳುವುದು? ಒಪ್ಪಿಕೊಂಡು ಕೈಕೊಟ್ಟರು ಎನ್ನುತ್ತಾರೆ. ಇಂಥವರಿಗೆ ಹೇಳಿದ್ದೇ ತಪ್ಪು ಎನ್ನುತ್ತಾರೆ. ಇಂಥವರು ಎಂದರೆ ಯಾರು ಎಂದು ಅವರು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಕೈ ಬೇಗಬೇಗ ಆರಿಸುತ್ತಿತ್ತು. ತಟ್ಟೆ ತುಂಬಿತು. ಎತ್ತಿಕೊಂಡು ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಬಟ್ಟೆ ಹಿಡಿದು ನಿಂತಿದ್ದಳು, ಹಿಂದೆ ಪಾತ್ರೆಯ ಮುಚ್ಚಳ ಆಗಲೇ ಸಣ್ಣಗೆ ಕುಣಿಯುತ್ತಿತ್ತು. ಕೊಡು ಎಂದು ಅಮ್ಮ ಕೈ ಚಾಚಿದಳು.

ತಟ್ಟೆಯ ಅಂಚಿನಲ್ಲಿದ್ದ ಒಂದು ಗೂಡಿನ ತುದಿ ಒದ್ದೆಯಾಯಿತು.

ಇಬ್ಬರೂ ಅದನ್ನು ಒಟ್ಟಿಗೇ ಕಂಡರು. ಯಾರೂ ನೀರು ಹಾಕಿರಲಿಲ್ಲ, ನೆನೆದದ್ದು ಒಳಗಿನಿಂದ. ಎಂಥ ಕತ್ತರಿಗೂ ಜಗ್ಗದ ಆ ಗಟ್ಟಿ ಗೂಡಿನ ಎಳೆಗಳು ತಾವಾಗಿಯೇ ಸಡಿಲವಾಗಿ ಅತ್ತಿತ್ತ ಸರಿದವು. ನಡುವೆ ಕಪ್ಪಗೆ ಏನೋ ಇಣುಕಿತು. ಕಣ್ಣು. ತಲೆ ತೂರಿ ನಿಂತಿತು, ದಣಿದಂತೆ. ಮತ್ತೆ ಒತ್ತಿತು. ಮುಂದಿನ ಕಾಲು ಒಂದು ಹೊರಬಂದು, ಹಿಡಿಯಲು ಏನೂ ಸಿಗದೆ ಗಾಳಿಯಲ್ಲಿ ತಡಕಾಡಿತು. ತನುಜ ಗೊತ್ತಿಲ್ಲದೆಯೇ ತಟ್ಟೆಯನ್ನು ನೆಲಕ್ಕಿಳಿಸಿ ಮಂಡಿಯೂರಿದಳು. ಅಮ್ಮನೂ ಗೋಡೆ ಹಿಡಿದುಕೊಂಡು ನಿಧಾನವಾಗಿ ಕೂತಳು. "ರಾ ತಲ್ಲಿ, ರಾ" ಎಂದು ತೆಲುಗಿನಲ್ಲಿ ಪಿಸುಗುಟ್ಟಿದಳು, ಬಾ ತಾಯೀ ಬಾ ಎಂದು, ಓಣಿಯ ಹೆರಿಗೆಗಳಲ್ಲಿ ಹೆಂಗಸರ ಸೊಂಟ ಹಿಡಿದು ಕೂತಾಗ ಅನ್ನುತ್ತಿದ್ದ ಹಾಗೆಯೇ. ಅದು ಎಳೆದುಕೊಂಡು, ನಿಂತು, ಮತ್ತೆ ಎಳೆದುಕೊಂಡು ಪೂರ್ತಿ ಹೊರಗೆ ಬಂತು. ಒದ್ದೆ, ಮುದುರಿದ ಮೈ. ರೆಕ್ಕೆಗಳು ಹಿಂಡಿಟ್ಟ ಬಟ್ಟೆಯ ಚೂರಿನಂತಿದ್ದವು. ಇದೇನು ರೆಕ್ಕೆ, ಇದು ಉಳಿಯುವುದಿಲ್ಲ ಎಂದುಕೊಂಡಳು ತನುಜ. ಆದರೆ ಅವು ಬೆಳೆದವು. ಅವಳ ಕಣ್ಣೆದುರಿಗೆ, ಯಾರೂ ಎಳೆಯದೆ, ಊದದೆ, ಮಡಿಕೆ ಬಿಚ್ಚಿಕೊಂಡು, ಗೆರೆಗಳೆಲ್ಲ ಮೂಡಿ, ಅಗಲವಾಗಿ ಹರಡಿಕೊಂಡವು. ಬಣ್ಣಗಳನ್ನು ಅಷ್ಟೊಂದು ಹೆಸರಿಟ್ಟು ಕರೆದಿದ್ದವಳಿಗೆ ಈ ಬಿಳುಪಿಗೆ ಒಂದು ಹೆಸರು ಹೊಳೆಯಲಿಲ್ಲ. ಕೈ ಮುಗಿಯಬೇಕೆನ್ನಿಸಿತು. ಅವಳು ದೇವರಿಗೆ ಕೈ ಮುಗಿಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಒಳಗೆ ಪಾತ್ರೆ ಕುದಿಯುತ್ತಲೇ ಇತ್ತು. ಅಮ್ಮ ಬೆರಳು ಚಾಚಿದಳು, ಪತಂಗ ಹತ್ತಿ ಕೂತಿತು. ಆ ಬೆರಳುಗಳ ಬಿರುಕುಗಳು ಮುಚ್ಚಿಕೊಂಡಿದ್ದರೂ ಗುರುತು ಹಾಗೆಯೇ ಇತ್ತು.

"ತನೂ, ಬಂದ್ ಗಿಂದ್ ಆದಾಗ ಮಾಲು ತಡವಾಗಿ ಒಂದೊಂದು ಇಂಗೆ ಹೊರಗೆ ಬಂದಿರ್ತಿತ್ತು ಕಣೇ. ನೆಲದ ಮೇಲೆ ಬಿದ್ದಿರೋದು. ಗುಡಿಸಿ ಹಾಕ್ತಿದ್ವಿ. ಕೂತು ನೋಡಕ್ಕೆ ಯಾರು ಬಿಡ್ತಿದ್ರು?" ಪತಂಗವನ್ನೇ ನೋಡುತ್ತ ಕೇಳಿದಳು, "ಅಷ್ಟು ವರ್ಷ ನನ್ನ ಕೈಯಾಗೆ ಇದ್ದಿದ್ದು ಇದಾ?"

ಅಮ್ಮ ಅಳುತ್ತಾಳೆ ಎಂದುಕೊಂಡಳು ತನುಜ. ಸಮಾಧಾನದ ಮಾತು ಸಿದ್ಧವಾಗಿಯೇ ಇತ್ತು. "ಹೊಟ್ಟೆಪಾಡು ಅಲ್ವಾಮ್ಮ, ನೀನೇನ್ ಮಾಡೋಕಾಗ್ತಿತ್ತು."

"ಅದಕ್ಕಲ್ಲ ಕಣೇ. ಹೊಟ್ಟೆಪಾಡು ನಂಗೊತ್ತಿಲ್ವಾ? ನಿನ್ನ ಓದಿಸಿದ್ದು ಅದೇ, ನಂಗೇನು ಬ್ಯಾಸ್ರ ಇಲ್ಲ." ಅಮ್ಮ ಬೆರಳನ್ನು ಕಿಟಕಿಯ ಬೆಳಕಿನ ಕಡೆ ತಿರುಗಿಸಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಮುಖ ಮಾತ್ರ ತನುಜ ಎಂದೂ ನೋಡದಷ್ಟು ಎಳೆಯದಾಗಿತ್ತು. "ನಾನೊಂದು ಗಲೀಜು ಕೆಲ್ಸ ಮಾಡ್ಕಂಡು ಬದುಕ್ದೆ ಅಂದ್ಕಂಡಿದ್ದೆ. ನೀನೂ ಅಂಗೇ ಅಂದ್ಕಂಡಿದ್ದೆ, ಇರ್ಲಿ ಬುಡು. ಉಣ್ಣೋವಾಗ ಉಸಿರು ಹಿಡೀತಿದ್ದೆ, ನಂಗೇನು ಕಾಣ್ತಿರ್ಲಿಲ್ವಾ? ಆದ್ರೆ ನೋಡೇ ಇಲ್ಲಿ. ಇದು ಗಲೀಜಾ? ಎಂಥಾದ್ದರ ಜತೆಗಿದ್ದೆ ನಾನು!"

ತನುಜಳಿಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಒಲೆ ಆರಿಸಿದಳು. ಮುಚ್ಚಳದ ಕುಣಿತ ನಿಂತಿತು. ಬಾಗಿಲಿಗೊರಗಿ ನಿಂತಳು. ಫೋನು ತೆಗೆದು, ಮನಸ್ಸು ಬದಲಾಗುವ ಮೊದಲೇ, ಶರ್ವಾಣಿಗೆ ಕರೆ ಮಾಡಿದಳು.

"ಹಾರ ಆಗಲ್ಲ ಮೇಡಂ. ಹೂವಿನದ್ದಕ್ಕೆ ಹೇಳಿಬಿಡಿ."

"ಅಯ್ಯೋ, ಏನು ತನುಜ ಮೇಡಂ ಇದು, ಈಗ ಹೇಳ್ತೀರಲ್ಲ! ಮಹತಿ ಎಲ್ಲರಿಗೂ ಹೇಳ್ಕೊಂಡು ಬಂದಿದಾಳೆ. ಅಮ್ಮ ಏನಂತಾರೋ. ಏನಾಯ್ತು?"

"ಗೂಡಲ್ಲಿ ಜೀವ ಇತ್ತು. ಹೊರಗೆ ಬರ್ತಾ ಇವೆ."

"ಹುಳನಾ?" ಆ ಕಡೆಯ ಧ್ವನಿ ಹಿಂದಕ್ಕೆ ಸರಿದಂತಾಯಿತು. ಇಲ್ಲಿ ಅಮ್ಮ ಮತ್ತೆ ಗಟ್ಟಿಯಾಗಿಯೇ ರಾ ತಲ್ಲಿ ರಾ ಎನ್ನುತ್ತಿದ್ದಳು. "ಯಾರದು ಮಾತಾಡ್ತಿರೋದು?"

"ನಮ್ಮಮ್ಮ," ಎಂದಳು ತನುಜ. "ಫಿಲೇಚರ್‌ನಲ್ಲಿದ್ರು. ಗೂಡು ಬೇಯಿಸಿ ನೂಲು ತೆಗೀತಿದ್ರು. ನಾನು ನಿಮಗೆ ಹೇಳಿರ್ಲಿಲ್ಲ."

ಶರ್ವಾಣಿ ಏನೋ ಅಂದಳು. ಇರಲಿ ಬಿಡಿ ಎಂದಳೋ, ನಾಳೆ ಮಾತಾಡೋಣ ಎಂದಳೋ, ತನುಜಳಿಗೆ ಸರಿಯಾಗಿ ಕೇಳಿಸಲಿಲ್ಲ.

"ಫೋನಿಟ್ಟು ಬಾರೇ," ಎಂದು ಅಮ್ಮ ಕೂಗಿದಳು. "ಇನ್ನೊಂದು ಬರ್ತಾ ಐತೆ."

ತನುಜ ಓಡಿಹೋಗಿ ಅವಳ ಮೈಗೆ ಮೈ ತಾಗಿಸಿಕೊಂಡು ಕೂತಳು.